ಕೆಟೂರಾ ಲೈಲ್ಸ್ ಆಳಾಗಿದ್ದ ದಿನಗಳು

ನನ್ನನ್ನು ಹೆತ್ತವಳು ಸಬೀನಾ, ಸಾಕಿದವಳು ಕೆಟೂರಾ ಲೈಲ್ಸ್. ಒಬ್ಬಳನ್ನು ಅಮ್ಮ ಎನ್ನುತ್ತಿದ್ದೆ, ಇನ್ನೊಬ್ಬಳನ್ನು ಅವ್ವ ಎಂದೆ. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ನಾನು ಹೇಗೆ ದಾಟಿದೆ ಎನ್ನುವುದು ಬೆಲ್ಸ್‌ಫೋರ್ಡಿನಲ್ಲಿ ಈಗ ಕೆಲವರಿಗಷ್ಟೇ ನೆನಪಿದೆ. ಅವರೂ ಅದನ್ನು ಶ್ರೈನರ್ ಅಮ್ಮಾವ್ರ ಕತೆಯೆಂದೇ ಹೇಳುತ್ತಾರೆ. ನಾನು ಹೇಳುವುದು ಅವ್ವನ ಕತೆ.

ಅವ್ವ ಹುಟ್ಟಿದ್ದು ಬೆಲ್ಸ್‌ಫೋರ್ಡಿನಲ್ಲೇ, ಚರ್ಮ ಹದ ಮಾಡುವ ಕೊಟ್ಟಿಗೆಯ ಹಿಂದಿನ ಓಣಿಯಲ್ಲಿ. ಅವಳ ತಾಯಿಯೂ ಅಲ್ಲೇ ಹುಟ್ಟಿದವಳು. ಅಜ್ಜಿ ಮಾತ್ರ ಗುಲಾಮಳಾಗಿ ಹುಟ್ಟಿ, ಪೆನ್ಸಿಲ್ವೇನಿಯಾದಲ್ಲಿ ಕಾನೂನು ಬದಲಾದ ಮೇಲೆ ಬಿಡುಗಡೆ ಪಡೆದವಳು. ಆ ಮನೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಬಾಯಿಗೆ ಬರುವುದಕ್ಕೂ ಮೊದಲು "ನಾವು ಯಾರ ಆಳೂ ಅಲ್ಲ" ಎಂಬ ಮಾತು ಬರುತ್ತಿತ್ತಂತೆ. ಅರ್ಧ ದಿನ ದಕ್ಷಿಣಕ್ಕೆ ನಡೆದರೆ ಮೇರಿಲೆಂಡಿನ ಗಡಿ. ಗಡಿಯಾಚೆ ನಮ್ಮಂಥ ಕಪ್ಪು ಜನರನ್ನು ಇನ್ನೂ ಮಾರುತ್ತಾರೆ, ಕೊಳ್ಳುತ್ತಾರೆ ಎಂಬುದು ಓಣಿಯ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಅವ್ವ ಮನೆಗಳಿಗೆ ಸುಣ್ಣ ಹೊಡೆಯುತ್ತಿದ್ದಳು. ವಸಂತ ಬಂತೆಂದರೆ ಊರಿನ ಅರ್ಧ ನೆಲಮಾಳಿಗೆಗಳು, ಹಾಲಿನ ಕೋಣೆಗಳು, ಕೋಳಿಗೂಡುಗಳು ಅವಳ ಕುಂಚಕ್ಕೇ ಕಾಯುತ್ತಿದ್ದವು. ಮೊಣಕೈವರೆಗೂ ಬಿಳಿ ಚುಕ್ಕೆ ಹಾರಿಸಿಕೊಂಡು ಮನೆಗೆ ಬರುವವಳನ್ನು ಕಂಡು, ಇವಳು ಇನ್ನೊಂದಷ್ಟು ವರ್ಷ ಸುಣ್ಣ ಹೊಡೆದರೆ ಬಿಳಿಯರ ಚರ್ಚಿನಲ್ಲಿ ಮುಂದಿನ ಬೆಂಚಿಗೇ ಹೋಗಿ ಕೂರಬಹುದು ಎಂದು ಓಣಿಯವರು ನಗುತ್ತಿದ್ದರು. ಎತ್ತರದ ಹೆಂಗಸು, ಬಾಯಿ ಜೋರು. ಆಮೋಸ್ ಲೈಲ್ಸ್ ಎಂಬ ಗಾಡಿಯವನನ್ನು ಮದುವೆಯಾದ ಮೇಲೆ ಅವಳಿಗೆ ಒಂದು ಹಟ ಬಂತು. ಬಿಳಿಯರ ಮನೆಯ ಗೃಹಿಣಿಯರನ್ನು ಕರೆಯುವ ಹಾಗೆ ತನ್ನನ್ನೂ ಮಿಸೆಸ್ ಲೈಲ್ಸ್ ಎನ್ನಬೇಕು. ಕೆಲವರು ನಕ್ಕುಕೊಂಡೇ ಹಾಗೆ ಕರೆದರು. ಶ್ರೈನರ್ ಅಮ್ಮಾವ್ರು ಕರೆಯಲಿಲ್ಲ.

ಕ್ಯಾಥರೀನಾ ಶ್ರೈನರ್ ಜರ್ಮನ್ ಕುಲದ ವಿಧವೆ. ಚೌಕದ ಪಕ್ಕದಲ್ಲೇ ಕಲ್ಲಿನ ದೊಡ್ಡ ಮನೆ, ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು. ಈ ಕತೆ ನಡೆದದ್ದಕ್ಕೆ ಹಿಂದಿನ ವರ್ಷದ ವಸಂತದಲ್ಲಿ ಅವ್ವ ಅವರ ನೆಲಮಾಳಿಗೆಗೆ ಸುಣ್ಣ ಹೊಡೆಯುತ್ತಿದ್ದಾಗ ಅಮ್ಮಾವ್ರು ಮೆಟ್ಟಿಲ ಮೇಲಿಂದ "ಏ ಹುಡುಗೀ" ಎಂದು ಕೂಗಿದರು. ಅವ್ವ ಓಗೊಡಲಿಲ್ಲ. ಮತ್ತೆ ಕೂಗಿದರು. ಮೂವತ್ತು ದಾಟಿದ ಹೆಂಗಸು ಕುಂಚವನ್ನು ಬಕೆಟ್ಟಿಗೆ ಅದ್ದಿಟ್ಟು, ಇಲ್ಲಿ ಹುಡುಗಿ ಯಾರೂ ಇಲ್ಲ ಎಂದು ಹೇಳಿ, ಗೋಡೆಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ಊರು ವಾರಗಟ್ಟಲೆ ಇದನ್ನೇ ಆಡಿಕೊಂಡು ನಕ್ಕಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಯುದ್ಧ ಹತ್ತಿ ಆಗಲೇ ಎರಡು ವರ್ಷ ಆಗಿತ್ತು. ಆ ವಸಂತದಲ್ಲಿ, ಕಪ್ಪು ಜನರಿಗೂ ಬಂದೂಕು ಕೊಡುತ್ತಾರೆಂಬ ಸುದ್ದಿ ಬಂದು ಓಣಿಯ ಗಂಡಸರಲ್ಲಿ ಹಲವರು ದಂಡು ಸೇರಲು ಮ್ಯಾಸಚೂಸೆಟ್ಸಿಗೆ ಹೊರಟರು. ಆಮೋಸನೂ ಹೋದ. ಓಣಿಯಲ್ಲಿ ಹೆಂಗಸರು, ಮುದುಕರು, ಮಕ್ಕಳು ಉಳಿದೆವು. ನನ್ನಮ್ಮ ಸಬೀನಾ ಅವ್ವನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳು ಮೇರಿಲೆಂಡಿನಿಂದ ತಪ್ಪಿಸಿಕೊಂಡು ಬಂದವಳು. ನಾನು ಅವಳ ಹೊಟ್ಟೆಯಲ್ಲಿದ್ದಾಗಲೇ ಗಡಿ ದಾಟಿದ್ದಳಂತೆ. ಅಪ್ಪನಿಗೆ ದಾಟಲಾಗಲಿಲ್ಲ. ಅವನ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಗೊತ್ತಿಲ್ಲ.

ದಕ್ಷಿಣದ ದಂಡು ಬರುತ್ತಿದೆ ಎಂಬ ಗಾಳಿಸುದ್ದಿ ಎದ್ದಾಗಲೆಲ್ಲ ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಉತ್ತರದ ಬೆಟ್ಟಕ್ಕೆ ಓಡುತ್ತಿದ್ದಳು. ಎರಡು ದಿನ ಕಳೆದು ಹಸಿದು ವಾಪಸು ಬರುತ್ತಿದ್ದಳು. ಊರಿನ ಬಿಳಿಯ ಹುಡುಗರು ದಾರಿಯಲ್ಲಿ "ಬಂದ್ರು, ಬಂದ್ರು" ಎಂದು ಹೆದರಿಸಿ ನಗುತ್ತಿದ್ದರು. ಜೂನ್ ತಿಂಗಳಲ್ಲಿ ಮತ್ತೆ ಸುದ್ದಿ ಎದ್ದಿತು. ವರ್ಜೀನಿಯಾದಲ್ಲಿ ನಮ್ಮ ಕಡೆಯವರು ಸೋತು, ಅವರ ಗಾಡಿಗಳು ಧೂಳೆಬ್ಬಿಸಿಕೊಂಡು ಊರ ಮೂಲಕವೇ ಉತ್ತರಕ್ಕೆ ಓಡಿದವು. ಓಣಿಯ ಮುಕ್ಕಾಲು ಜನ ಗಂಟು ಕಟ್ಟಿದರು. ಅಮ್ಮನೂ ಕಟ್ಟಿದಳು. ಆಗ ಅವ್ವ ಬಾಗಿಲಲ್ಲಿ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿದೆ.

"ಎಷ್ಟು ಸಲ ಅಂತ ಓಡ್ತೀಯೇ ಸಬೀನಾ? ಮಗಾ ಸೊರಗಿ ಕಡ್ಡಿ ಆಗೈತೆ. ಇದು ಪೆನ್ಸಿಲ್ವೇನಿಯಾ. ಅವ್ರು ಬಂದ್ರೂ ಕುದುರೆ ಹೊಡ್ಕೊಂಡ್ ಹೋಗ್ತಾರೆ, ಟೋಪಿ ಕಿತ್ಕೊಂಡ್ ಹೋಗ್ತಾರೆ. ನನ್ನೂರಲ್ಲಿ ನನ್ನ ಏನ್ ಮಾಡ್ತಾರೆ? ನೀನು ನನ್ ಜೊತೆ ಇರು."

ಅಮ್ಮ ಗಂಟು ಬಿಚ್ಚಿದಳು.

ಅವರು ಬಂದದ್ದು ಹಾಡುಹಗಲಲ್ಲಿ. ಚೆರ್ರಿ ಹಣ್ಣಾಗುವ ಕಾಲ. ಕುದುರೆ ಸವಾರರು ಮೊದಲು ಮಾಡಿದ್ದು ಬೇಲಿಯ ಬದಿಯ ಚೆರ್ರಿ ಕೊಂಬೆಗಳನ್ನು ಮುರಿದು, ಜೀನಿನ ಮೇಲೆ ಕೂತೇ ಹಣ್ಣು ತಿಂದದ್ದು. ಬಾಯೆಲ್ಲ ಕೆಂಪಾಗಿತ್ತು. ನಾನು ಅದನ್ನು ನೋಡುತ್ತ ನಿಂತಿದ್ದೆ. ಆಗ ನನಗೆ ಆರೋ ಏಳೋ ವರ್ಷ. ಅಂಗಡಿಗಳಿಗೆ ನುಗ್ಗಿದರು, ಬೂಟು ಆರಿಸಿದರು. ಅವ್ವ ಹೇಳಿದ ಹಾಗೆಯೇ ಆಗುತ್ತಿದೆ ಎನಿಸಿತು. ಆಮೇಲೆ ನಾಲ್ಕಾರು ಜನ ಹಗ್ಗದ ಸುರುಳಿ ಹಿಡಿದು ನಮ್ಮ ಓಣಿಯ ಕಡೆ ತಿರುಗಿದರು.

ಓಣಿಯ ಹಿಂದೆ ಗೋಧಿ ಹೊಲ. ಪೈರು ನನಗಿಂತ ಎತ್ತರ ಬೆಳೆದಿತ್ತು. ಅವ್ವ, ಅಮ್ಮ, ನಾನು ಅದರೊಳಗೆ ನುಗ್ಗಿ ಬೋರಲು ಮಲಗಿದೆವು. ಮಣ್ಣು ಬಿಸಿಯಾಗಿತ್ತು. ಪಕ್ಕದಲ್ಲೆಲ್ಲೋ ಇನ್ನೂ ಯಾರೋ ಅಡಗಿದ್ದರು. ಅವರ ಉಸಿರು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸವಾರರು ಹೊಲದ ಅಂಚಿನಲ್ಲಿ ನಿಂತು ಏನೋ ಮಾತಾಡಿಕೊಂಡು ನಕ್ಕರು. ಆಮೇಲೆ ಸಾಲಾಗಿ ಕುದುರೆಗಳನ್ನು ಪೈರಿನೊಳಗೆ ಇಳಿಸಿದರು. ಅವಸರವೇ ಇಲ್ಲ, ಕಳೆದುಹೋದ ಕರುವನ್ನು ಹುಡುಕುವವರ ಹಾಗೆ. ತೆನೆ ಮುರಿಯುವ ಸದ್ದು ಹತ್ತಿರವಾಗುತ್ತ ಬಂತು. ಅಮ್ಮ ನನ್ನ ಮೇಲೆ ಕವುಚಿಕೊಂಡಳು. ಅವಳ ಎದೆ ಬಡಿಯುವುದು ನನ್ನ ಬೆನ್ನಿಗೆ ತಾಕುತ್ತಿತ್ತು. ದೂರದಲ್ಲಿ ಒಬ್ಬ ಹೆಂಗಸು ಕಿರುಚಿದಳು, ತಕ್ಷಣ ಆ ದನಿ ನಿಂತಿತು. ನಂತರ ನಮ್ಮ ತಲೆಯ ಮೇಲೇ ಒಂದು ಕುದುರೆ ಮೂಗಿನಿಂದ ಬುಸ್ಸೆಂದು ಗಾಳಿ ಬಿಟ್ಟಿತು.

ಅವ್ವ ಎದ್ದು ನಿಂತು, ತಾನು ಇದೇ ಊರಲ್ಲಿ ಹುಟ್ಟಿದವಳು, ತನ್ನ ತಾಯಿಯೂ ಇಲ್ಲೇ ಹುಟ್ಟಿದವಳು, ಯಾರನ್ನು ಬೇಕಾದರೂ ಕೇಳಿ ಎಂದಳು. ಸವಾರನೊಬ್ಬ ಹಗ್ಗ ಬಿಚ್ಚುತ್ತ, ಬೆಳಗಿನಿಂದ ಸಿಕ್ಕವರೆಲ್ಲ ಇಲ್ಲೇ ಹುಟ್ಟಿದವರಂತೆ, ಮೇರಿಲೆಂಡಿನಲ್ಲೂ ವರ್ಜೀನಿಯಾದಲ್ಲೂ ಯಾರೂ ಹೆರಲೇ ಇಲ್ಲವೆಂದು ಕಾಣುತ್ತದೆ ಎಂದ. ಅವನ ಜೊತೆಯವರು ನಕ್ಕರು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು ಎಂದು ಅವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು.

ನಮ್ಮನ್ನು ಚೌಕಕ್ಕೆ ತಂದರು. ಮಕ್ಕಳನ್ನು ಯಾರದು ಯಾವುದು ಎಂದು ನೋಡದೆ ಎತ್ತಿ ಗಾಡಿಗೆ ಹಾಕಿದರು. ಹೆಂಗಸರನ್ನೂ ಇಬ್ಬರು ಮುದುಕರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಗಾಡಿಯ ಹಿಂದೆ ನಿಲ್ಲಿಸಿದರು. ಅಮ್ಮ ಸಾಲಿನ ಮುಂದಿದ್ದಳು, ಅವ್ವ ಕೊನೆಗೆ. ಸುತ್ತಲಿನ ಮನೆಗಳ ಕಿಟಕಿಗಳಲ್ಲಿ ಬಿಳಿಯ ಮುಖಗಳು. ಆ ಮನೆಗಳ ಒಳಗೋಡೆಗಳನ್ನೆಲ್ಲ ಅವ್ವ ಕೈಯಾರೆ ಬೆಳ್ಳಗೆ ಮಾಡಿದ್ದಳು. ಒಬ್ಬೊಬ್ಬರ ಹೆಸರೂ ಅವಳಿಗೆ ಗೊತ್ತು. ಕೆಲವು ಹೆಂಗಸರು ಅಳುತ್ತಿದ್ದರು. ಬಾಗಿಲು ಮಾತ್ರ ಒಂದೂ ತೆರೆಯಲಿಲ್ಲ. ಅವರಿಗೂ ಹೆದರಿಕೆ. ಚೌಕದ ತುಂಬ ಬಂದೂಕುಗಳಿದ್ದವು.

ಗಾಡಿ ಹೊರಡುವ ಹೊತ್ತಿಗೆ ಒಂದು ಬಾಗಿಲು ತೆರೆಯಿತು. ಶ್ರೈನರ್ ಅಮ್ಮಾವ್ರು ಕರಿಯ ಉಡುಪಿನಲ್ಲಿ, ಬೀಗದ ಕೈ ಸದ್ದು ಮಾಡಿಕೊಂಡು ಮೆಟ್ಟಿಲಿಳಿದು ನೇರವಾಗಿ ಆ ಸವಾರರ ಕ್ಯಾಪ್ಟನ್ನನ ಬಳಿಗೆ ನಡೆದರು. ಅವನು ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಟೋಪಿ ತೆಗೆದು ನಿಂತ.

"ಕ್ಯಾಪ್ಟನ್ನರೇ, ಆ ಕೊನೇಲಿ ನಿಂತಿರೋ ಉದ್ದನೆಯ ಹೆಂಗಸು ನಮ್ಮವಳು. ಬಿಡಿಸಿ ಅವಳನ್ನ."

ಪೆನ್ಸಿಲ್ವೇನಿಯಾದಲ್ಲಿ ಆಳುಗಳನ್ನು ಇಟ್ಟುಕೊಳ್ಳುವಂತಿಲ್ಲವಲ್ಲ ಎಂದು ಅವನು ವಿನಯದಿಂದಲೇ ಕೇಳಿದ. ಗಡಿಯಾಚೆ ಮೇರಿಲೆಂಡಿನಲ್ಲಿ ತನ್ನ ಅಣ್ಣನ ಜಮೀನಿದೆ, ಇವಳು ಅಲ್ಲಿಯವಳು, ತಾನು ಒಂಟಿ ಹೆಂಗಸೆಂದು ಅಣ್ಣ ಇವಳನ್ನು ಕೆಲಸಕ್ಕೆ ಕಳಿಸಿದ್ದಾನೆ ಎಂದು ಅಮ್ಮಾವ್ರು ಹೇಳಿದರು. ಅಣ್ಣ ಇದ್ದದ್ದು ನಿಜ. ಅವನ ಜಮೀನೂ, ಅವನ ಆಳುಗಳೂ ನಿಜ. ಉಳಿದದ್ದು ಸುಳ್ಳು. ಕಳ್ಳತನ ಮಾಡಲಿಕ್ಕೆ ಬಂದಿದ್ದೀರಾ, ನಿಮ್ಮವರದ್ದೇ ಸೊತ್ತು ಹೊತ್ತುಕೊಂಡು ಹೋಗುತ್ತೀರಾ ಎಂದು ಅವರು ದನಿ ಏರಿಸದೆಯೇ ಕೇಳಿದರು. ಕ್ಯಾಪ್ಟನ್ ಕೆಂಪಾದ. ಅವ್ವನ ಹತ್ತಿರ ಬಂದ.

"ಈಯಮ್ಮ ಹೇಳ್ತಿರೋದು ನಿಜವೇನೆ?"

ಆ ಹೊತ್ತಿನಲ್ಲಿ ತನಗೆ ಕಂಡದ್ದು ತನ್ನ ತಾಯಿಯ ಮುಖ ಎಂದು ಅವ್ವ ನನಗೆ ಒಮ್ಮೆ ಹೇಳಿದ್ದಳು. ಕಿಟಕಿಗಳೆಲ್ಲ ನೋಡುತ್ತಿದ್ದವು. ಹೌದೆಂದರೆ ಇಡೀ ಊರಿನ ಎದುರು ಅಜ್ಜಿಯ ಬಿಡುಗಡೆಯ ಮೇಲೇ ಉಗುಳಿದ ಹಾಗೆ. ಅಲ್ಲವೆಂದರೆ ಹಗ್ಗ.

"ನಿಜ ಸ್ವಾಮಿ," ಎಂದಳು. "ನಾನು ಈ ಅಮ್ಮಾವ್ರ ಆಳು."

"ನಿನ್ನೊಡೆಯನ ಹೆಸರೇನು?"

ಅವಳಿಗೆ ಗೊತ್ತಿರಲಿಲ್ಲ. ಅಮ್ಮಾವ್ರು ಬಾಯಿಬಿಡುವಷ್ಟರಲ್ಲಿ ಕ್ಯಾಪ್ಟನ್ ಕೈ ಎತ್ತಿ, ಅವಳೇ ಹೇಳಲಿ ಎಂದ. ಅವ್ವ ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಒಡೇರ ಹೆಸ್ರು ನಮ್ ಬಾಯಲ್ ಹೇಳೋ ಹಂಗಿಲ್ಲ ಸ್ವಾಮಿ. ದೊಡ್ಡಯ್ಯ ಅಂತೀವಿ."

ಕ್ಯಾಪ್ಟನ್ನನಿಗೆ ಈ ಉತ್ತರ ಹಿಡಿಸಿತು. ಒಳ್ಳೆಯ ಮನೆಯಲ್ಲಿ ಬೆಳೆದವಳು ಎಂದು ಅಮ್ಮಾವ್ರ ಕಡೆ ನೋಡಿ ನಕ್ಕು, ಕಟ್ಟು ಬಿಚ್ಚಲು ಹೇಳಿದ.

ಕೈ ಬಿಡುಗಡೆಯಾದ ಕೂಡಲೇ ಅವ್ವ ಹೊರಟು ಹೋಗಬಹುದಿತ್ತು. ಅವಳು ಗಾಡಿಯ ಬಳಿಗೆ ಬಂದು, ಮಕ್ಕಳ ನಡುವಿನಿಂದ ನನ್ನ ರಟ್ಟೆ ಹಿಡಿದು ಎಳೆದಳು. "ಇವ್ಳು ನನ್ ಮಗ್ಳು," ಎಂದಳು.

ಕ್ಯಾಪ್ಟನ್ ಅಮ್ಮಾವ್ರ ಕಡೆ ತಿರುಗಿದ. ಅವರು ಕೇಳಿದ್ದು ಒಬ್ಬಳನ್ನು, ಮಗುವಿನ ಮಾತು ಎತ್ತಿರಲಿಲ್ಲ. ನಾನು ಯಾರ ಮಗಳೆಂಬುದು ಅವರಿಗೆ ಗೊತ್ತಿತ್ತು. ಅವರ ತುಟಿಗಳು ಬೆಳ್ಳಗಾದವು. ಒಂದು ಸುಳ್ಳು ಹೇಗೋ ದಾಟಿತ್ತು, ಎರಡನೆಯದು ಮೂವರನ್ನೂ ಮುಳುಗಿಸಬಹುದಿತ್ತು.

"ತಾಯಿ ನಮ್ಮವಳಾದ ಮೇಲೆ ಮಗು ಇನ್ಯಾರದು?" ಎಂದರು.

ನನಗೆ ಏನೂ ಅರ್ಥವಾಗಿರಲಿಲ್ಲ. ನನ್ನ ಅಮ್ಮ ಅಲ್ಲಿ ಹಗ್ಗದ ಇನ್ನೊಂದು ತುದಿಯಲ್ಲಿದ್ದಳು. ನಾನು ಆ ಕಡೆ ಬಾಯಿ ತೆರೆದೆ. ಅವ್ವನ ಬೆರಳುಗಳು ನನ್ನ ಕತ್ತಿನ ಹಿಂಭಾಗದಲ್ಲಿ ಹೂತವು. ಆಗ ಅಮ್ಮ ನಮ್ಮ ಕಡೆ ತಿರುಗಿದಳು. ನನ್ನನ್ನು ನೋಡಲಿಲ್ಲ. ಅವ್ವನನ್ನು ನೋಡಿ, ಸಂತೆಯಲ್ಲಿ ಗುರುತಿಲ್ಲದವರನ್ನು ಗದರುವ ದನಿಯಲ್ಲಿ ಹೇಳಿದಳು.

"ಏ ಹೆಂಗ್ಸೇ, ಮಗ್ಳ ಮೂಗು ಒರ್ಸು ಮೊದ್ಲು. ಸಿಂಬ್ಳ ಸುರೀತೈತೆ. ಹೆತ್ರೆ ಸಾಕಾ, ನೋಡ್ಕಳದು ಬ್ಯಾಡ್ವಾ?"

ಒಬ್ಬ ಸಿಪಾಯಿ ನಕ್ಕ. ಅವ್ವ ತನ್ನ ಲಂಗದ ಅಂಚಿನಿಂದ ನನ್ನ ಮೂಗು ಒರೆಸಿದಳು. ಅಷ್ಟರಲ್ಲಿ ಗಾಡಿ ಹೊರಟಿತು. ಹಗ್ಗ ಬಿಗಿಯಿತು, ಅಮ್ಮ ಮುಂದಕ್ಕೆ ತಿರುಗಿ ನಡೆದಳು. ಚೌಕ ದಾಟಿ ದಕ್ಷಿಣದ ರಸ್ತೆ ಹಿಡಿಯುವವರೆಗೂ ನಾನು ನೋಡಿದೆ. ಅವಳು ಮತ್ತೆ ತಿರುಗಲಿಲ್ಲ. ತಿರುಗಿದ್ದರೆ ನಾನು ಕೂಗಿಬಿಡುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು.

ದಂಡು ಊರಲ್ಲೇ ಬೀಡುಬಿಟ್ಟಿತು. ಕಲ್ಲಿನ ಮನೆ ದೊಡ್ಡದೆಂದು ಅದೇ ಕ್ಯಾಪ್ಟನ್ ಶ್ರೈನರ್ ಮನೆಯ ಮುಂದಿನ ಕೋಣೆಗೆ ಬಂದು ಇಳಿದ. ಹೀಗಾಗಿ ಚೌಕದಲ್ಲಿ ಆಡಿದ ನಾಟಕವನ್ನು ಅಡುಗೆಮನೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಆಡಬೇಕಾಯಿತು. ಅವ್ವ ಬೆಳಗೆದ್ದು ಒಲೆ ಹಚ್ಚಿ, ಅವನ ಬೂಟು ಒರೆಸಿ, ಸಿಪಾಯಿಗಳಿಗೆ ರೊಟ್ಟಿ ಸುಟ್ಟು, ಹಂದಿಮಾಂಸ ಹುರಿದು ಬಡಿಸುತ್ತಿದ್ದಳು. ನಾನು ಸೌದೆ ತರುತ್ತಿದ್ದೆ. ನಮ್ಮಿಬ್ಬರಿಗೂ ಮಲಗಲು ಅಡುಗೆಮನೆಯ ನೆಲ. ಯಾರೂ ಇಲ್ಲದಾಗ ಅವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನನ್ನು ಅವ್ವ ಎಂದು ಕರೆಯಲು ಕಲಿಸುತ್ತಿದ್ದಳು.

"ನಾನ್ಯಾರು?"

"ಕೆಟೂರಮ್ಮ."

"ಅಲ್ಲ. ನಾನ್ಯಾರು?"

"ಅವ್ವ."

"ಇನ್ನೊಂದ್ಸಲ ಹೇಳು ಟೆಂಪಿ. ನಿದ್ದೆಗಣ್ಣಲ್ ಕೇಳಿದ್ರೂ ಅದೇ ಬರ್ಬೇಕು."

ಮೊದಲ ದಿನ "ಏ ಹುಡುಗೀ" ಎಂದು ಕೂಗಿದ ಶ್ರೈನರ್ ಅಮ್ಮಾವ್ರು, ಕ್ಯಾಪ್ಟನ್ ಆಚೆ ಹೋದ ಮೇಲೆ ಹತ್ತಿರ ಬಂದು, ತೋರಿಕೆಗೆ ಕರೆದೆ, ಬೇಜಾರು ಮಾಡ್ಕೋಬೇಡ ಎಂದು ಪಿಸುಗುಟ್ಟಿದ್ದರು. ಎರಡನೆಯ ದಿನವೂ ಪಿಸುಗುಟ್ಟಿದರು. ಆಮೇಲೆ ಕೂಗು ಉಳಿಯಿತು, ಪಿಸುಮಾತು ನಿಂತಿತು. ಕ್ಯಾಪ್ಟನ್ ಮನೆಯಲ್ಲಿ ಇಲ್ಲದಾಗಲೂ ಅವರು ಹಾಗೆಯೇ ಕೂಗತೊಡಗಿದರು. ಅವ್ವ ಓಗೊಡತೊಡಗಿದಳು. ಓಗೊಡುವುದಕ್ಕೆ ನಾಲಿಗೆ ಎಷ್ಟು ಬೇಗ ಒಗ್ಗಿಹೋಯಿತು ಎಂದು ತನಗೇ ದಿಗಿಲಾಗುತ್ತಿತ್ತಂತೆ. ಒಂದು ಬೆಳಿಗ್ಗೆ ಅಮ್ಮಾವ್ರು ನೆಲಮಾಳಿಗೆಯ ಅರ್ಧ ಗೋಡೆಯನ್ನು ತೋರಿಸಿ, ಇದನ್ನು ಮುಗಿಸು ಎಂದರು. ಅವ್ವ ಸುಣ್ಣ ಕಲಸಿ ಮುಗಿಸಿದಳು.

ಒಂದು ಸಂಜೆ ಊಟದ ಮೇಜಿನಲ್ಲಿ ಕ್ಯಾಪ್ಟನ್ ಒಂದು ಉಪಕಾರದ ಮಾತೆತ್ತಿದ. ಯುದ್ಧದ ಹೊತ್ತು, ಇಂಥ ಊರಿನಲ್ಲಿ ಆಳು ಓಡಿಹೋಗುವುದು ಸುಲಭ. ವಾಪಸು ಹೋಗುವಾಗ ಇವಳನ್ನೂ ಮಗುವನ್ನೂ ತಾನೇ ಕರೆದೊಯ್ದು ನಿಮ್ಮ ಅಣ್ಣನ ಕೈಗೆ ಒಪ್ಪಿಸುತ್ತೇನೆ ಎಂದ. ಅವ್ವ ಸಾರಿನ ಪಾತ್ರೆ ಹಿಡಿದು ಅವನ ಹಿಂದೆಯೇ ನಿಂತಿದ್ದಳು. ಅಮ್ಮಾವ್ರು ಚಮಚ ಕೆಳಗಿಟ್ಟು, ಯೋಚಿಸಿ ಹೇಳುತ್ತೇನೆ ಎಂದರು. ಬೇಡ ಎನ್ನಲಿಲ್ಲ. ಆಮೇಲೆ ಅಡುಗೆಮನೆಗೆ ಬಂದಾಗ, ಥಟ್ಟನೆ ಬೇಡ ಅಂದಿದ್ದರೆ ಅವನಿಗೆ ಅನುಮಾನ ಬರುತ್ತಿತ್ತು ಎಂದರು. ಅದು ನಿಜವೇ ಇರಬಹುದು. ಆದರೆ ಅವ್ವನಿಗೆ ಅಂದಿನಿಂದ ನಿದ್ದೆ ಹೋಯಿತು. ಸಿಪಾಯಿಗಳ ಉದ್ದೇಶ ಏನೆಂದು ಅವಳಿಗೆ ಗೊತ್ತಿತ್ತು. ಈ ಹೆಂಗಸಿನ ಮನಸ್ಸಿನಲ್ಲಿ ಇರುವುದು ಏನೆಂದು ಗೊತ್ತಾಗುತ್ತಿರಲಿಲ್ಲ. ಅವರು ಬಾಯಿಬಿಟ್ಟು ಒಂದು ಮಾತು ಆಡಿದರೆ ಸಾಕಿತ್ತು, ನಾವು ಇದ್ದ ಹಾಗೆ ಗಾಡಿ ಹತ್ತಬೇಕಾಗಿತ್ತು. ಆಡಿದ ಸುಳ್ಳನ್ನು ಇನ್ನೊಂದು ಸಲ ಆಡಿದರೆ ಅದು ನಿಜವಾಗಿಬಿಡುತ್ತದೆ ಎಂದು ಅವ್ವ ಹೆದರುತ್ತಿದ್ದಳು.

ಬೇರೆ ಪಡೆಗಳೂ ಊರಿಗೆ ಬರತೊಡಗಿದ ಮೇಲೆ, ತಾವು ಹೊರಗೆ ಹೋಗುವಾಗ ಅಮ್ಮಾವ್ರು ನಮ್ಮನ್ನು ನೆಲಮಾಳಿಗೆಗೆ ಇಳಿಸಿ ಬಾಗಿಲಿಗೆ ಬೀಗ ಹಾಕಲು ಶುರುಮಾಡಿದರು. ಹೊಸ ಸಿಪಾಯಿಗಳು ಕಂಡರೆ ಎಳೆದುಕೊಂಡು ಹೋಗುತ್ತಾರೆ, ನಿಮ್ಮ ಒಳ್ಳೆಯದಕ್ಕೇ ಎಂದರು. ಅದೂ ಸುಳ್ಳಲ್ಲ. ಸೇಬಿನ ಪೀಪಾಯಿಗಳ ನಡುವೆ, ಹಸಿ ಸುಣ್ಣದ ವಾಸನೆಯಲ್ಲಿ ನಾವು ಕೂತಿರುತ್ತಿದ್ದೆವು. ಬೀಗದಲ್ಲಿ ಕೀಲಿ ತಿರುಗುವ ಸದ್ದಿಗೆ ಅವ್ವ ಪ್ರತಿ ಸಲವೂ ಬಾಗಿಲ ಕಡೆ ತಿರುಗುತ್ತಿದ್ದಳು. ಆ ಸದ್ದು ನಮ್ಮನ್ನು ಕಾಯುತ್ತಿದೆಯೋ, ಕೂಡಿಹಾಕುತ್ತಿದೆಯೋ ಎಂದು ಅವಳು ತಲೆ ಕೆಡಿಸಿಕೊಳ್ಳುತ್ತಿದ್ದಳು.

ಜೂನ್ ಕೊನೆಗೆ ಕ್ಯಾಪ್ಟನ್ ಅವಸರದಲ್ಲಿ ಕುದುರೆ ಹತ್ತಿದ. ದಂಡೆಲ್ಲ ಪೂರ್ವದ ಬೆಟ್ಟ ದಾಟಿ ಹೋಗುತ್ತಿದೆ ಎಂದು ಮೇಲೆ ಯಾರೋ ಹೇಳುವುದು ಕೇಳಿಸಿತು. ನಮ್ಮನ್ನು ಕರೆದೊಯ್ಯುವ ಮಾತು ಅವನಿಗೆ ಮರೆತೇಹೋಗಿತ್ತು. ಆದರೂ ಮರುದಿನ ಬೆಳಿಗ್ಗೆ ಅಮ್ಮಾವ್ರು ನಮ್ಮನ್ನು ಕೆಳಗೆ ಇಳಿಸಿ ಬೀಗ ಹಾಕಿದರು. ರಸ್ತೆಯಲ್ಲಿ ಇನ್ನೂ ಇದ್ದಾರೆ ಎಂದರು. ಅದರ ಮರುದಿನವೂ ಹಾಗೆಯೇ. ಆಗ ಪೂರ್ವದಿಂದ ಫಿರಂಗಿಯ ಸದ್ದು ಶುರುವಾಗಿತ್ತು. ದೂರದಲ್ಲಿ ಯಾರೋ ಹಲಗೆಗಳನ್ನು ಒಂದರ ಮೇಲೊಂದು ಎಸೆಯುತ್ತಿರುವ ಹಾಗೆ. ನೆಲಮಾಳಿಗೆಯ ಗೋಡೆಗೆ ಕೈಯಿಟ್ಟರೆ ಅದು ಅದುರುತ್ತಿದೆ ಎನಿಸುತ್ತಿತ್ತು.

ಬೀದಿಯ ಮಟ್ಟದಲ್ಲಿ ಒಂದು ಚಿಕ್ಕ ಗವಾಕ್ಷಿಯಿತ್ತು. ಅವ್ವ ಪೀಪಾಯಿ ಹತ್ತಿ ಅದರಿಂದ ನೋಡಿದಳು. ಬೂಟುಗಾಲುಗಳಿಲ್ಲ, ಕುದುರೆಗಳಿಲ್ಲ. ಪಕ್ಕದ ಮನೆಯ ಮಕ್ಕಳು ನಡುರಸ್ತೆಯಲ್ಲಿ ಕೂತು ಸಿಪಾಯಿಗಳು ಬಿಟ್ಟುಹೋದ ಮುರುಕು ಬಕಲುಗಳನ್ನು ಹಂಚಿಕೊಳ್ಳುತ್ತಿದ್ದರು. ರಸ್ತೆ ಎಷ್ಟು ಹೊತ್ತು ನೋಡಿದರೂ ಖಾಲಿಯೇ ಇತ್ತು. ಅವಳು ಇಳಿದು ನನ್ನ ಪಕ್ಕ ಕೂತಳು. ಗೋಧಿ ಹೊಲದಲ್ಲೂ ಅವಳು ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಅಮ್ಮಾವ್ರು ಬಾಗಿಲ ಆಚೆ ಬಂದು, ಕಂಡಿಯಿಂದ ಹಾಲಿನ ಚೊಂಬು ಒಳಗಿಟ್ಟರು. ಬಾಗಿಲು ತೆರೆಯಲಿಲ್ಲ.

"ದಂಡು ಹೋಯ್ತಲ್ವಾ ಅಮ್ಮಾವ್ರೇ," ಎಂದಳು ಅವ್ವ.

"ಹೋಗಿರಬಹುದು."

"ಮತ್ತೆ ಬೀಗ?"

ಅಮ್ಮಾವ್ರ ದನಿ ಬಾಗಿಲಿಗೆ ಹತ್ತಿರವಾಯಿತು. "ನಾನು ಬರದೇ ಇದ್ದಿದ್ರೆ ಈ ಹೊತ್ತಿಗೆ ನೀನು ವರ್ಜೀನಿಯಾದ ಸಂತೇಲಿ ನಿಂತಿರ್ತಿದ್ದೆ."

"ಹೌದು."

"ಅಷ್ಟು ನೆನಪಿರಲಿ."

"ಸಾಯೋಗಂಟ ನೆನಪಿರ್ತದೆ. ಬೀಗ ತೆಗೀರಿ ಅಮ್ಮಾವ್ರೇ."

ಫಿರಂಗಿಗಳು ಸದ್ದು ಮಾಡುತ್ತಲೇ ಇದ್ದವು. ಅಮ್ಮಾವ್ರ ಉಸಿರು ಬಾಗಿಲ ಆಚೆ ಕೇಳುತ್ತಿತ್ತು. ಅವರು ಆ ಹೊತ್ತಿನಲ್ಲಿ ಏನು ಯೋಚಿಸಿದರೋ ದೇವರಿಗೇ ಗೊತ್ತು. ಒಂಟಿತನಕ್ಕೆ ಹೆದರಿದರೋ, ನಾವು ಆಚೆ ಸಿಕ್ಕಿಬಿದ್ದರೆ ತಮ್ಮ ಸುಳ್ಳು ಬಯಲಾಗುತ್ತದೆಂದು ಹೆದರಿದರೋ, ಕರೆದರೆ ಓಗೊಡುವವಳೊಬ್ಬಳು ಮನೆಯಲ್ಲಿರುವುದು ರೂಢಿಯಾಗಿಬಿಟ್ಟಿತ್ತೋ. ಕೊನೆಗೆ ಗೊಂಚಲು ಸದ್ದು ಮಾಡಿತು. ಕೀಲಿ ತಿರುಗಿತು.

ಅವ್ವ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಅಮ್ಮಾವ್ರು ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದರು. ತನ್ನ ಹೆಸರು ಮಿಸೆಸ್ ಲೈಲ್ಸ್ ಎಂದು ಹೇಳಿ ಹೊರಡಬೇಕು ಎಂದು ಅವ್ವ ಮೆಟ್ಟಿಲು ಹತ್ತುತ್ತ ಅಂದುಕೊಂಡಿದ್ದಳಂತೆ. ಬಾಯಿಂದ ಬಂದದ್ದು "ಬರ್ತೀನಿ ಅಮ್ಮಾವ್ರೇ" ಎಂದು.

ಓಣಿಯ ನಮ್ಮ ಮನೆಯಲ್ಲಿ ಬಾಗಿಲಿರಲಿಲ್ಲ, ಹಾಸಿಗೆ ಸೀಳಿತ್ತು. ಅವ್ವ ಅಲ್ಲಿ ಒಂದು ರಾತ್ರಿಯೂ ನಿಲ್ಲಲಿಲ್ಲ. ದಂಡು ಸೋತರೆ ಅದೇ ದಾರಿಯಲ್ಲಿ ತಿರುಗಿ ಬರಬಹುದೆಂದು ನನ್ನನ್ನು ಹೊತ್ತುಕೊಂಡು ಮಳೆಯಲ್ಲೇ ಉತ್ತರಕ್ಕೆ ನಡೆದಳು. ಮುಂದಿನ ವರ್ಷ ಸವಾರರು ಮತ್ತೆ ಗಡಿ ದಾಟಿದಾಗ ಊರಿನಲ್ಲಿ ಎಲ್ಲರಿಗಿಂತ ಮೊದಲು ಓಡಿದವಳು ಅವಳೇ. "ನನ್ನೂರಲ್ಲಿ ನನ್ನ ಏನ್ ಮಾಡ್ತಾರೆ" ಎಂಬ ಮಾತು ಅವಳ ಬಾಯಲ್ಲಿ ಇನ್ನೆಂದೂ ಬರಲಿಲ್ಲ.

ಯುದ್ಧ ಮುಗಿಯಿತು. ಆಮೋಸ್ ಅಪ್ಪ ಕೆರೊಲಿನಾದ ಮರಳಿನಲ್ಲಿ ಒಂದು ಕಣ್ಣು ಕಳೆದುಕೊಂಡು ಮರಳಿ ಬಂದ. ಅವನು ಯಾವ ಮಾತಿಗೋಸ್ಕರ ಬಂದೂಕು ಹಿಡಿದನೋ ಆ ಮಾತನ್ನು ತಾನು ಚೌಕದಲ್ಲಿ ನಿಂತು ಅಲ್ಲವೆಂದಿದ್ದೆ ಎಂದು ಅವನಿಗೆ ಹೇಳಲು ಅವ್ವನಿಗೆ ಬಹಳ ದಿನ ಬಾಯಿ ಬರಲಿಲ್ಲ. ಬೇರೆಯವರಿಂದ ಕೇಳುವ ಮೊದಲು ತಾನೇ ಹೇಳಿದಳು. ಅವನು ಎದ್ದು ಹೋಗಿ ಕತ್ತಲಾಗುವವರೆಗೂ ಸೌದೆ ಒಡೆದ. ಮರುದಿನ ಅವಳು ಕೇಳಿಕೊಂಡ ಹಾಗೆ ಮನೆಯ ಹಿಂಗೋಡೆ ಒಡೆದು ಇನ್ನೊಂದು ಬಾಗಿಲು ಇಟ್ಟುಕೊಟ್ಟ. ಎರಡು ಬಾಗಿಲಿಲ್ಲದ ಮನೆಯಲ್ಲಿ ಅವ್ವನಿಗೆ ನಿದ್ದೆ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಳಿ ಒಂದರಿಂದ ನುಗ್ಗಿ ಇನ್ನೊಂದರಿಂದ ಹೋಗುತ್ತಿತ್ತು. ಕೆಟೂರಾ ಮನೆ ಗಾಳಿಗೆ ಕಟ್ಟಿದ ಛತ್ರ ಎಂದು ಓಣಿಯವರು ನಗುತ್ತಿದ್ದರು. ಒಳಗಿನಿಂದ ಹಾಕುವ ಚಿಲಕವಿತ್ತು, ಬೀಗ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಅಮ್ಮನನ್ನು ಹುಡುಕಿದೆವು. ನಮ್ಮ ಚರ್ಚಿನ ಪಾದ್ರಿಗಳು ವರ್ಜೀನಿಯಾದ ಚರ್ಚುಗಳಿಗೆಲ್ಲ ಹೇಳಿ ಕಳಿಸಿದರು, ಉಪದೇಶದ ಪೀಠದಿಂದ ಅವಳ ಹೆಸರು ಕೂಗಿಸಿದರು. ರಿಚ್ಮಂಡಿನಿಂದ ಬಂದ ಒಬ್ಬ ಗಾಡಿಯವನು, ಅಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಪೆನ್ಸಿಲ್ವೇನಿಯಾದಿಂದ ತಂದ ಸಬೀನಾ ಎಂಬವಳೊಬ್ಬಳಿದ್ದಳು, ಯುದ್ಧದ ಕೊನೆಯ ಚಳಿಗಾಲದ ಜ್ವರದಲ್ಲಿ ಆ ಕೊಟ್ಟಿಗೆಯವರು ಬಹಳ ಜನ ಸತ್ತರು ಎಂದ. ಅವಳು ಸತ್ತಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅವ್ವ ನನ್ನೆದುರು ಅಮ್ಮ ಸತ್ತಳೆಂದು ಒಮ್ಮೆಯೂ ಹೇಳಲಿಲ್ಲ. "ನಾನೇ ಗಂಟು ಬಿಚ್ಚಿಸ್ದೆ" ಎಂದು ಮಾತ್ರ, ಯಾವುದೋ ಕೆಲಸದ ನಡುವೆ, ಯಾರಿಗೂ ಅಲ್ಲದ ಹಾಗೆ ಆಗಾಗ ಹೇಳುತ್ತಿದ್ದಳು. ದೊಡ್ಡವಳಾದ ಮೇಲೆ, ನೀನೇ ನನ್ನನ್ನು ಗಾಡಿಯಿಂದ ಇಳಿಸಿದೆ ಎಂದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು. ಒಂದಕ್ಕೆ ಇನ್ನೊಂದು ಸಮವಾಗುತ್ತದೆಂದು ಅವಳಿಗೆ ಅನಿಸಲಿಲ್ಲ.

ಶ್ರೈನರ್ ಅಮ್ಮಾವ್ರು ಮುದುಕಿಯಾಗಿ ತೀರಿಕೊಂಡಾಗ ನಾವಿಬ್ಬರೂ ಬಿಳಿಯರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಪಾದ್ರಿಗಳು ಚೌಕದ ಕತೆಯನ್ನು ಹೇಳಿದರು. ಇಡೀ ಊರು ಬಾಗಿಲು ಹಾಕಿಕೊಂಡಿದ್ದಾಗ ಒಬ್ಬ ವಿಧವೆ ಬಂದೂಕುಗಳ ನಡುವೆ ನಡೆದು ಹೋಗಿ ಇಬ್ಬರನ್ನು ಉಳಿಸಿದಳು ಎಂದರು. ಬೆಂಚುಗಳಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿ ಅವ್ವನ ಕಡೆ ನೋಡಿದರು. ಅವ್ವ ಎಲ್ಲರಿಗೂ ತಲೆಬಾಗಿಸಿದಳು.

"ಅವ್ರು ಹೇಳಿದ್ರಲ್ಲಿ ಸುಳ್ಳೇನಿಲ್ಲ ಟೆಂಪಿ," ಎಂದಳು, ಮನೆಗೆ ನಡೆಯುತ್ತ. "ಆವತ್ತು ಆಯಮ್ಮ ಒಬ್ಳೇ ಬಂದಿದ್ದು. ಬೀಗದ ಸುದ್ದಿ ಅವ್ರಿಗೆ ಗೊತ್ತಿಲ್ಲ. ನಾವೂ ಯೋಳೋದು ಬ್ಯಾಡ."

ಅವಳು ಬದುಕಿರುವವರೆಗೂ ನಾನು ಹೇಳಲಿಲ್ಲ.

ಅವ್ವ ಎಂಬತ್ತರ ಹತ್ತಿರ ಬದುಕಿದಳು. ಕೈ ನಡುಗುವವರೆಗೂ ಸುಣ್ಣ ಹೊಡೆದಳು. ಹೊಸ ತಲೆಮಾರಿನವರು ಅವಳನ್ನು ಕೇಳದೆಯೇ ಮಿಸೆಸ್ ಲೈಲ್ಸ್ ಎನ್ನುತ್ತಿದ್ದರು. ಕೊನೆಯ ಬೇಸಿಗೆಯಲ್ಲಿ ಅವಳಿಗೆ ಕಾಲದ ಲೆಕ್ಕ ತಪ್ಪಿತು. ಹಗಲು ಹೊತ್ತಿನಲ್ಲಿ ಬೆಚ್ಚಿ ಎದ್ದು ಕೂತು, ನನ್ನ ಕತ್ತಿನ ಹಿಂಭಾಗ ಹಿಡಿದು, ಅವರು ಹೋದರೇನೇ ಎಂದು ಕೇಳುತ್ತಿದ್ದಳು. ಹೋದರು ಎಂದರೆ ನಂಬುತ್ತಿರಲಿಲ್ಲ, "ನೋಡ್ಕಂಡ್ ಬಾ" ಎನ್ನುತ್ತಿದ್ದಳು. ಕೂತಲ್ಲಿಂದಲೇ ಉತ್ತರ ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಎದ್ದು ಓಣಿಯ ತುದಿಯವರೆಗೂ ನಡೆದು, ದಕ್ಷಿಣದ ರಸ್ತೆಯನ್ನು ಎರಡೂ ಕಡೆ ನೋಡಿ, ಹಾಲಿನ ಗಾಡಿಯೋ ಶಾಲೆಯಿಂದ ಬರುವ ಮಕ್ಕಳೋ ಕಂಡದ್ದನ್ನು ಕಂಡ ಹಾಗೆ ಬಂದು ಹೇಳುತ್ತಿದ್ದೆ. ಆಗ ಮಲಗುತ್ತಿದ್ದಳು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ನಾನು ಹೀಗೆ ನೋಡಿಕೊಂಡು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಆಮೋಸ್ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.